ಸಮುದ್ರ ಮೀನಿನೊಳಗಿನ ಹುಳುವನ್ನು ಗುರುತಿಸುವ ಬಗೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದಲೋ ಬಡಾವಣೆಯ ಅಂಗಡಿಯಿಂದಲೋ ಬಂಗುಡೆಯಂಥ ಸಮುದ್ರ ಮೀನನ್ನು ಇಡಿಯಾಗಿ ತರುವವರು, ಹೊಟ್ಟೆ ಸೀಳಿದ ಕೂಡಲೇ ಕರುಳು ಮತ್ತು ಯಕೃತ್ತನ್ನು ಒಮ್ಮೆ ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಅಲ್ಲಿ ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡ, ಬಿಡಿಸಿದರೆ 2–3 ಸೆಂ.ಮೀ. ಉದ್ದವಾಗುವ ಬಿಳಿಚಾದ ದಾರದಂಥದ್ದು ಕಂಡರೆ ಅದು ಬಹುಮಟ್ಟಿಗೆ ಅನಿಸಾಕಿಸ್ ಎಂಬ ದುಂಡುಹುಳುವಿನ ಮರಿ. ಇದು ಅಂಗಡಿಯವರ ಕೊಳಕಿನಿಂದ ಬಂದದ್ದಲ್ಲ. ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ ಬಲಿಯುವ ಈ ಹುಳುವಿನ ಮರಿಗಳು ಸಿಗಡಿಯಂಥ ಸಣ್ಣ ಜೀವಿಗಳ ಮೂಲಕ ಮೀನಿನ ಒಡಲು ಸೇರುತ್ತವೆ.

ಮೀನು ಸತ್ತ ಬಳಿಕ ಕೆಲವು ಮರಿಗಳು ಕರುಳಿನಿಂದ ಮಾಂಸಕ್ಕೆ ಸರಿಯಬಲ್ಲವಾದ್ದರಿಂದ ಹೊಟ್ಟೆಯನ್ನು ಬೇಗ ಶುಚಿಗೊಳಿಸಿ, ಅದರ ಬದಿಯ ತೆಳು ಮಾಂಸವನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು. ತೆಳ್ಳನೆಯ ತುಂಡನ್ನು ಗಾಜಿನ ತಟ್ಟೆಯ ಮೇಲಿಟ್ಟು ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಹುಳು ನೆರಳಿನಂತೆ ಕಾಣುತ್ತದೆ. ದಪ್ಪನೆಯ ಅಂಜಲ್ ತುಂಡಿನಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು.

ನಿಂಬೆರಸ, ಉಪ್ಪು, ಮಸಾಲೆ ಸವರಿಟ್ಟರೆ ಹುಳು ಸಾಯುವುದೆಂದು ನಂಬಬಾರದು. ತುಂಡಿನ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಅದು ಸಾಯುತ್ತದೆ. ಮೀನನ್ನು ಹಸಿಯಾಗಿಯೇ ತಿನ್ನುವ ಹೊಸ ರುಚಿಯವರಿಗಾದರೆ −20 ಡಿಗ್ರಿಯಲ್ಲಿ 7 ದಿನ ಘನೀಕರಿಸಿದ ಮೀನೇ ಬೇಕು. ಸತ್ತ ಹುಳುವಿನಿಂದಲೂ ಕೆಲವರಿಗೆ ಅಲರ್ಜಿಯಾಗುವುದುಂಟು, ಆದ್ದರಿಂದ ಕಂಡದ್ದನ್ನು ಕಿತ್ತು ತೆಗೆದೇ ಒಲೆಗಿಡಿ.