ಕೊನೆಯ ಅಧ್ಯಾಯಕ್ಕೆ ಮೊದಲು

ತುಮಕೂರಿನಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತನಾಗಿರುವ ನನಗೆ ಪತ್ತೇದಾರಿ ಕಾದಂಬರಿಗಳ ಗೀಳು ಹೈಸ್ಕೂಲಿನ ದಿನಗಳಲ್ಲೇ ಅಂಟಿತ್ತು. ತಾವು ಹೆಚ್ಚು ಓದದಿದ್ದರೂ ನೂರಾರು ಕಾದಂಬರಿಗಳನ್ನು ಬರೆದು ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೇ ನನ್ನನ್ನೂ ಈ ದಾರಿಗೆ ಎಳೆದವನು. ಆಗ ಕಥೆಯ ಓಟಕ್ಕಾಗಿ ಓದುತ್ತಿದ್ದೆ. ಸಾಕ್ಷಿಗಳ ಹೇಳಿಕೆ, ಸ್ಥಳದಲ್ಲಿ ಕಂಡದ್ದನ್ನು ಪೊಲೀಸರು ದಾಖಲಿಸುವ ಮಹಜರು, ಎದುರು ಪಕ್ಷದ ವಕೀಲರು ಸಾಕ್ಷಿಗೆ ಹಾಕುವ ಪಾಟೀ ಸವಾಲುಗಳ ನಡುವೆ ಹಗಲು ಕಳೆಯತೊಡಗಿದ ಮೇಲೆ ಓದುವ ಬಗೆಯೇ ಬದಲಾಯಿತು, ಅದರ ಜೊತೆಗೆ ಓದಿನ ಸುಖವೂ ಹೆಚ್ಚಿತು.

ನಾನು ಓದುವ ಪುಸ್ತಕಗಳಲ್ಲಿ ಹೆಚ್ಚಿನವು ಜಿಲ್ಲಾ ಕೇಂದ್ರ ಗ್ರಂಥಾಲಯದಿಂದ ಎರವಲು ತಂದವು, ಇಲ್ಲವೇ ಹಳೆಯ ಪುಸ್ತಕದ ಅಂಗಡಿಯಲ್ಲಿ ಕೊಂಡವು. ಇಂಥ ಪ್ರತಿಗಳಲ್ಲಿ ಹಿಂದಿನ ಓದುಗರು ಸುಳಿವಿನ ಸಾಲುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದಿರುತ್ತಾರೆ. ಕೆಲವರು ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದುಬಿಡುತ್ತಾರೆ. ಒಬ್ಬ ಓದುಗ ಇನ್ನೊಬ್ಬ ಓದುಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಮಾಡಲಾರ. ಆದ್ದರಿಂದ ಪುಸ್ತಕ ಮನೆಗೆ ಬಂದ ಕೂಡಲೇ ಅದನ್ನು ಮಗಳ ಕೈಗೆ ಕೊಡುತ್ತೇನೆ. ಅವಳು ಗೆರೆಗಳನ್ನು ರಬ್ಬರಿನಿಂದ ಒರೆಸಿ, ರಹಸ್ಯ ಬಯಲಾಗುವ ಹಾಳೆಗಳನ್ನೆಲ್ಲ ಸೇರಿಸಿ ಕ್ಲಿಪ್ ಹಾಕಿ, "ತಗೋ ಅಪ್ಪ, ಇಲ್ಲಿಯವರೆಗೆ ಓದು" ಎಂದು ಹಿಂದಿರುಗಿಸುತ್ತಾಳೆ.

ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಹಾಳೆಯ ನಡುವೆ ಉದ್ದಕ್ಕೆ ಗೆರೆ ಹೊಡೆದು, ಎಡಗಡೆ ಪಾತ್ರಗಳು ಕಣ್ಣಾರೆ ಕಂಡದ್ದನ್ನೂ ಬಲಗಡೆ ಇನ್ನೊಬ್ಬರಿಂದ ಕೇಳಿ ಹೇಳಿದ್ದನ್ನೂ ಬರೆದುಕೊಳ್ಳುತ್ತೇನೆ. ನ್ಯಾಯಾಲಯದಲ್ಲಿ ಸಾಕ್ಷಿಯನ್ನು "ನೀವು ನೋಡಿದಿರಾ, ಯಾರಾದರೂ ಹೇಳಿದ್ದಾ?" ಎಂದು ಕೇಳಿದೊಡನೆ ಎಷ್ಟೋ ಸಂಗತಿಗಳು ಎಡದಿಂದ ಬಲಕ್ಕೆ ಸರಿಯುವುದನ್ನು ಕಂಡು ಬಂದ ಅಭ್ಯಾಸವಿದು. ಯಜಮಾನರು ಒಂಬತ್ತು ಗಂಟೆಗೆ ಜೀವಂತವಾಗಿದ್ದರು ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಆದರೆ ಮುಚ್ಚಿದ ಬಾಗಿಲಾಚೆ ಅವರ ದನಿ ಕೇಳಿಸಿತೆಂದು ಒಬ್ಬಳು ಹೇಳಿದ್ದನ್ನೇ ಉಳಿದವರು ನಂಬಿರುತ್ತಾರೆ. ಎಡಗಡೆ ಖಾಲಿ ಉಳಿದ ಜಾಗದಲ್ಲೇ ಲೇಖಕನ ಕೈಚಳಕವಿರುತ್ತದೆ.

ಸುಳಿವನ್ನು ಅಡಗಿಸುವ ಕಲೆ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ನಿಜವಾದ ಕಾದಂಬರಿಯ ಸುಳಿವನ್ನು ಬಯಲು ಮಾಡಲು ಮನಸ್ಸಿಲ್ಲದ್ದರಿಂದ ನಾನೇ ಒಂದು ಸನ್ನಿವೇಶ ಕಟ್ಟಿ ತೋರಿಸುತ್ತೇನೆ. ಮುದುಕರೊಬ್ಬರ ಕೊಲೆಯಾದ ಕೋಣೆಯಲ್ಲಿ ಅರ್ಧ ಕುಡಿದ ಕಾಫಿಯ ಲೋಟ, ಒಳಪುಟ ಮೇಲೆ ಬರುವಂತೆ ಮಡಚಿದ ಅಂದಿನ ಪತ್ರಿಕೆ, ಗೋಡೆಯ ಗೂಡಿನಲ್ಲಿ ಡಬ್ಬಿಯೊಳಗೆ ಕನ್ನಡಕ, ಮೂರೂಕಾಲಿಗೆ ನಿಂತ ಗಡಿಯಾರ, ನೆಲದ ಮೇಲೆ ರಕ್ತದ ಹೆಜ್ಜೆಗುರುತು ಇವೆ ಎನ್ನಿ. ಓದುಗನ ಕಣ್ಣು ಹೆಜ್ಜೆಗುರುತಿಗೂ ಗಡಿಯಾರಕ್ಕೂ ಹಾರುತ್ತದೆ, ಏಕೆಂದರೆ ಅವು ಕೊನೆಯಲ್ಲಿವೆ ಮತ್ತು ಭಯ ಹುಟ್ಟಿಸುತ್ತವೆ. ಆದರೆ ಎರಡನೆಯ ಅಧ್ಯಾಯದಲ್ಲಿ ಅದೇ ಮುದುಕರು ಮದುವೆಯ ಕರೆಯೋಲೆಯನ್ನು ಮೊಮ್ಮಗನ ಕೈಗಿತ್ತು, "ಕನ್ನಡಕ ಇಲ್ಲದೆ ನನಗೆ ಅಕ್ಷರ ಕಾಣೋದಿಲ್ಲ, ನೀನೇ ಓದು ಮಗು" ಎಂದಿದ್ದರು. ಹಾಗಿದ್ದರೆ ಪತ್ರಿಕೆ ಓದಿದವರು ಯಾರು? ಆ ಕೋಣೆಯಲ್ಲಿ ಇನ್ನೊಬ್ಬರು ಅವಸರವಿಲ್ಲದೆ, ಮನೆಯವರಂತೆ ಕುಳಿತಿದ್ದರು. ಲೇಖಕ ಏನನ್ನೂ ಬಚ್ಚಿಟ್ಟಿಲ್ಲ; ಎರಡು ಸಂಗತಿಗಳನ್ನು ಐವತ್ತು ಪುಟಗಳ ಅಂತರದಲ್ಲಿಟ್ಟು, ಮೊದಲನೆಯದನ್ನು ಅಜ್ಜ-ಮೊಮ್ಮಗನ ಅಕ್ಕರೆಯ ಮಾತಿನಲ್ಲಿ ತೇಲಿಸಿದ್ದಾನೆ, ಅಷ್ಟೆ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮಗಳನ್ನು ಬರೆದಾಗ, ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎಂದು ಪಟ್ಟು ಹಿಡಿದದ್ದು ಈ ಪ್ರಾಮಾಣಿಕತೆಗಾಗಿಯೇ.

ಕಥೆಯ ಹೊರಗಿನ ಸಂಗತಿಗಳನ್ನೂ ತಾಳೆ ನೋಡುತ್ತೇನೆ. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದ್ದವರಾದ್ದರಿಂದ ಅವರ ವಿಷಗಳ ವಿವರ ಹುಸಿಯಾಗುವುದು ಅಪರೂಪ. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯನ್ನು ಔಷಧಶಾಸ್ತ್ರದ ಪತ್ರಿಕೆಯೊಂದು ಇದಕ್ಕಾಗಿಯೇ ಮೆಚ್ಚಿಕೊಂಡಿತ್ತು. ಸಾವಿನ ಹೊತ್ತನ್ನು ಲೆಕ್ಕ ಹಾಕುವಾಗ ಮಾತ್ರ ಇಂಗ್ಲೆಂಡಿನ ಚಳಿಯನ್ನು ನಮ್ಮೂರಿಗೆ ತರಬಾರದು. ಸಾಮಾನ್ಯವಾಗಿ ಸತ್ತ 2-3 ಗಂಟೆಗಳಲ್ಲಿ ಕಾಣಿಸಿಕೊಂಡು 12 ಗಂಟೆಗಳ ಹೊತ್ತಿಗೆ ಮೈಯೆಲ್ಲ ಆವರಿಸುವ ಬಿಗಿತ, ಸೆಕೆಯಲ್ಲಿ ಬೇಗ ಬಂದು ಬೇಗ ಬಿಡುತ್ತದೆ. ಪಾವಗಡದ ಏಪ್ರಿಲ್ ತಿಂಗಳಲ್ಲಿ ಕೊಲೆ ಮಾಡಿಸುವ ಲೇಖಕ ಇದನ್ನು ತಿಳಿದಿರಲೇಬೇಕು.

ಕ್ಲಿಪ್ ತೆಗೆಯುವ ಮೊದಲು ನನ್ನ ಗುಮಾನಿ ಯಾರ ಮೇಲೆ, ಏಕೆ ಎಂದು ಬರೆದಿಡುತ್ತೇನೆ. ಆಮೇಲೆ ಕೊನೆಯ ಅಧ್ಯಾಯವನ್ನು ನನ್ನದೇ ಒಂದು ಪರೀಕ್ಷೆಗೆ ಒಡ್ಡುತ್ತೇನೆ: ಕೊಲೆಗಾರನ ತಪ್ಪೊಪ್ಪಿಗೆಯನ್ನು ಮನಸ್ಸಿನಲ್ಲೇ ಹೊಡೆದುಹಾಕಿ, ಉಳಿದ ಸಾಕ್ಷ್ಯ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮ ಹೇಳಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾಯ್ದೆಯೂ ಅದನ್ನೇ ಹೇಳುತ್ತದೆ. ಖಾಸಗಿ ಪತ್ತೇದಾರನ ಮುಂದೆ ಒಪ್ಪಿಕೊಂಡರೆ ಈ ನಿಷೇಧ ಅನ್ವಯಿಸುವುದಿಲ್ಲವಾದರೂ ನ್ಯಾಯಾಲಯಗಳು ಅಂಥ ಒಪ್ಪಿಗೆಯನ್ನು ದುರ್ಬಲ ಸಾಕ್ಷ್ಯವೆಂದೇ ಎಣಿಸುತ್ತವೆ. ಉಳಿಯುವುದು ಸಾಂದರ್ಭಿಕ ಸಾಕ್ಷ್ಯ, ಅಂದರೆ ಕೊಲೆಯನ್ನು ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಕಟ್ಟುವ ಸಾಕ್ಷ್ಯ. ಅದರ ಕೊಂಡಿಗಳು ಎಲ್ಲಿಯೂ ಕಳಚದೆ, ಆರೋಪಿ ನಿರಪರಾಧಿಯಾಗಿರಬಹುದೆಂಬ ಊಹೆಗೆ ಎಡೆಯನ್ನೇ ಕೊಡಬಾರದೆಂದು ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ವಿವರಿಸಿದೆ. ಕಾದಂಬರಿಯನ್ನು ಈ ಅಳತೆಗೆ ಹಿಡಿಯುವುದು ಅತಿಯಾಯಿತೆಂದು ಗೆಳೆಯರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೈಕಾಲು ನಡುಗಿಸಿಕೊಂಡು ಕೊಲೆಗಾರ ಎಲ್ಲವನ್ನೂ ಕಕ್ಕುವ ಪುಟ ಇಲ್ಲದೆಯೂ ಗಟ್ಟಿಯಾಗಿ ನಿಲ್ಲುವ ಕಥೆಗಳಿವೆ, ಅವುಗಳನ್ನು ಬರೆದವರ ಮೇಲೆ ನನ್ನ ಗೌರವ ದೊಡ್ಡದು.

ಈ ಪರೀಕ್ಷೆಯಲ್ಲಿ ಗೆದ್ದ ಪುಸ್ತಕವನ್ನು ಕೆಲವು ತಿಂಗಳು ಬಿಟ್ಟು ಮತ್ತೆ ಓದುತ್ತೇನೆ. ಕೊಲೆಗಾರ ಯಾರೆಂದು ಗೊತ್ತಿದ್ದು ಓದುವಾಗ ಅವನ ಪ್ರತಿಯೊಂದು ಮಾತಿಗೂ ಎರಡು ಅರ್ಥ ಬರುತ್ತದೆ. ಸುಮ್ಮನೆ ಕಿಟಕಿ ಮುಚ್ಚಿದವನು ಏಕೆ ಮುಚ್ಚಿದನೆಂದು ತಿಳಿಯುತ್ತದೆ. ಎರಡನೆಯ ಓದಿಗೆ ಒದಗದ ಪತ್ತೇದಾರಿ ಕಾದಂಬರಿಯನ್ನು ನಾನು ಹಣ ಕೊಟ್ಟು ಕೊಳ್ಳುವುದಿಲ್ಲ.

ನಮ್ಮ ಸೆಷನ್ಸ್ ನ್ಯಾಯಾಲಯದೊಳಗೇ ಬಿಚ್ಚಿಕೊಳ್ಳುವ ಒಂದು ಕನ್ನಡ ಕಾದಂಬರಿಗಾಗಿ ಬಹಳ ಕಾಲದಿಂದ ಹುಡುಕುತ್ತಿದ್ದೇನೆ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ ಕಟಕಟೆಯಲ್ಲಿ ನಿಂತು "ಠಾಣೆಗೆ ಕರೆದು ಸಹಿ ಮಾಡಿಸಿಕೊಂಡರು ಸ್ವಾಮಿ, ಆ ಜಾಗಕ್ಕೆ ನಾನು ಹೋಗಿಲ್ಲ" ಎನ್ನಬೇಕು, ಅವನು ಹಾಗೆ ಹೇಳಿದ್ದು ಸತ್ಯವೋ ಯಾರದೋ ಒತ್ತಡವೋ ಎಂಬುದರ ಮೇಲೆಯೇ ಇಡೀ ರಹಸ್ಯ ನಿಂತಿರಬೇಕು. ಅಂಥದ್ದೊಂದನ್ನು ಯಾರಾದರೂ ಓದಿದ್ದರೆ ಹೆಸರು ತಿಳಿಸಿ. ಕೊಲೆಗಾರ ಯಾರೆಂದು ಮಾತ್ರ ಹೇಳಬೇಡಿ.