ರೈಲು ಕೊನೇಗೆ ಇಟ್ಕೊಳ್ಳಿ: ಮಕ್ಕಳ ಜೊತೆ ಕಬ್ಬನ್ ಪಾರ್ಕ್‌ನಲ್ಲಿ ಒಂದು ದಿನ ಕಳೆಯೋದು ಹೇಗೆ

ಬೇಸಿಗೆ ರಜೆ ಬಂತು ಅಂದ್ರೆ ನಮ್ಮನೆಗೆ ಊರಿಂದ ಅಕ್ಕನ ಮಕ್ಕಳು ಬರ್ತಾರೆ, ಬಸ್ ಇಳಿದು ಚಪ್ಪಲಿ ಬಿಡೋ ಮೊದಲೇ ಕೇಳೋದು ಒಂದೇ ಮಾತು, ಕಬ್ಬನ್ ಪಾರ್ಕ್ ರೈಲಿಗೆ ಯಾವತ್ತು ಕರ್ಕೊಂಡು ಹೋಗ್ತೀಯ ಅಂತ. ಮೊದಲ ವರ್ಷ ನಾನು ಕರ್ಕೊಂಡು ಹೋಗಿ ಸೀದಾ ಬಾಲಭವನಕ್ಕೇ ಬಿಟ್ಟೆ, ಪಾರ್ಕ್ ಒಳಗೆ ಪುಟಾಣಿ ರೈಲು ಓಡೋ ಮಕ್ಕಳ ಆಟದ ಜಾಗ ಅದು. ರೈಲು ಹತ್ತಿದ್ದಾಯ್ತು, ಇಳಿದ ತಕ್ಷಣ ಇನ್ನೊಂದು ರೌಂಡ್ ಬೇಕು ಅಂದ್ರು, ಅಷ್ಟರಲ್ಲಿ ಕ್ಯೂ ಉದ್ದ ಆಗಿತ್ತು, ಬಿಸಿಲು ನೆತ್ತಿಗೆ ಬಂದಿತ್ತು, ಚಿಕ್ಕವನು ಅಳೋಕೆ ಶುರು ಮಾಡ್ದ, ಒಂದು ಗಂಟೆಗೆಲ್ಲ ಎಲ್ಲರೂ ವಾಪಸ್ ಮನೇಲಿ. ಅಷ್ಟು ದೊಡ್ಡ ಪಾರ್ಕ್‌ನಲ್ಲಿ ಬೇರೆ ಏನೂ ನೋಡಲೇ ಇಲ್ಲ. ಆಮೇಲೆ ಪ್ರತಿ ವರ್ಷ ಒಂದೊಂದು ಬದಲಾಯಿಸ್ತಾ ಬಂದು ಈಗ ನಮಗೊಂದು ಕ್ರಮ ಸಿಕ್ಕಿದೆ, ಅದನ್ನೇ ಇಲ್ಲಿ ಹೇಳ್ತಿದೀನಿ. ಮುಖ್ಯವಾದ್ದು ಏನಂದ್ರೆ ಬೆಳಗ್ಗೆ ಮರ, ಬಿಸಿಲು ಹೊತ್ತಲ್ಲಿ ಮ್ಯೂಸಿಯಂ, ಸಂಜೆ ರೈಲು. ಈ ಸಾಲು ತಪ್ಪಬಾರದು.

ಯಾವ ದಿನ ಹೋಗೋದು

ಸೋಮವಾರ ಬೇಡ. ಬಾಲಭವನ, ಸರ್ಕಾರಿ ವಸ್ತುಸಂಗ್ರಹಾಲಯ ಎರಡಕ್ಕೂ ಅವತ್ತು ರಜೆ. ಭಾನುವಾರ ಜನ ಜಾಸ್ತಿ ಅನ್ನೋದು ನಿಜ, ಆದ್ರೂ ನಾನು ಭಾನುವಾರಾನೇ ಹೇಳೋದು, ಯಾಕಂದ್ರೆ ಅವತ್ತು ಪಾರ್ಕ್ ಒಳಗಿನ ರಸ್ತೇಲಿ ಗಾಡಿ ಬಿಡಲ್ಲ. ಬೇರೆ ದಿನ ಮಕ್ಕಳ ಕೈ ಗಟ್ಟಿ ಹಿಡ್ಕೊಂಡೇ ರಸ್ತೆ ದಾಟಬೇಕು, ಭಾನುವಾರ ಅದೇ ರಸ್ತೇಲಿ ಅವರು ಸೈಕಲ್ ಹೊಡೀಬಹುದು, ಓಡಬಹುದು, ಅಪ್ಪ ಅಮ್ಮ ಹಿಂದೆ ನಿಧಾನಕ್ಕೆ ನಡ್ಕೊಂಡು ಬರಬಹುದು. ನಮ್ಮೂರಲ್ಲಿ ಇಷ್ಟಗಲ ರಸ್ತೆ ಮಕ್ಕಳಿಗೆ ಅಂತ ಸಿಗೋದು ಇನ್ನೆಲ್ಲಿ ಹೇಳಿ.

ತಿಂಗಳು ಕೇಳಿದ್ರೆ ಜನವರಿಯಿಂದ ಏಪ್ರಿಲ್. ಮೊದಲು ಗುಲಾಬಿ ಟಬೆಬುಯಾ, ಆಮೇಲೆ ಹಳದಿ, ಅದರ ಹಿಂದೇನೇ ನೇರಳೆ ಬಣ್ಣದ ಜಕರಂಡ, ಯುಗಾದಿ ಆಸುಪಾಸಲ್ಲಿ ಹೊಂಗೆ ಹೂವು ಅಕ್ಕಿ ಚೆಲ್ಲಿದ ಹಾಗೆ ನೆಲದ ಮೇಲೆಲ್ಲ ಬಿದ್ದಿರತ್ತೆ, ಕೊನೇಗೆ ಕೆಂಪು ಗುಲ್‌ಮೊಹರ್. ಮೇ ತಿಂಗಳಲ್ಲಿ ಹೋದ್ರೆ ಸಂಜೆ ಗಾಳಿ ಮಳೆ ನೋಡ್ಕೊಳ್ಳಿ, ದೊಡ್ಡ ಹಳೇ ಮರಗಳು, ಕೊಂಬೆ ಮುರಿದು ಬೀಳತ್ತೆ, ಮಳೆ ಬಂತು ಅಂತ ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಗಾಡಿ ಮನೇಲಿ ಬಿಡಿ

ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ಉತ್ಸಾಹ ಹೋಗತ್ತೆ. ನೇರಳೆ ಲೈನ್ ಮೆಟ್ರೋಲಿ ಬನ್ನಿ, ಆದ್ರೆ ಕಬ್ಬನ್ ಪಾರ್ಕ್ ಅಂತ ಹೆಸರಿದೆ ಅಂತ ಆ ಸ್ಟೇಷನ್‌ನಲ್ಲಿ ಇಳೀಬೇಡಿ, ವಿಧಾನಸೌಧ ಸ್ಟೇಷನ್‌ನಲ್ಲಿ ಇಳೀರಿ. ವಾಪಸ್ ಹೋಗುವಾಗ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಹತ್ತೋದು. ಹೀಗೆ ಮಾಡಿದ್ರೆ ಒಂದು ಕಡೆಯಿಂದ ಒಳಗೆ ಹೋಗಿ ಪಾರ್ಕ್ ದಾಟಿ ಇನ್ನೊಂದು ಕಡೆ ಬರ್ತೀರ, ನಡೆದಿದ್ದೇ ದಾರೀಲಿ ಸುಸ್ತಾದ ಮಕ್ಕಳನ್ನ ಎಳ್ಕೊಂಡು ವಾಪಸ್ ನಡೆಯೋದು ತಪ್ಪತ್ತೆ. ವಯಸ್ಸಾದವರು ಜೊತೇಲಿ ಇದ್ರೆ ಅವರನ್ನ ಆಟೋದಲ್ಲಿ ಕಸ್ತೂರಬಾ ರೋಡ್ ಮ್ಯೂಸಿಯಂ ಹತ್ರ ಬರೋಕೆ ಹೇಳಿ, ಅಲ್ಲಿ ಸೇರ್ಕೊಳ್ಳಬಹುದು.

ಬ್ಯಾಗಲ್ಲಿ ನೀರು, ಟೋಪಿ, ಚಿಲ್ಲರೆ ಕಾಸು, ಕೂರೋಕೆ ಒಂದು ಹಳೇ ಬೆಡ್‌ಶೀಟ್, ಕಸ ಹಾಕೋಕೆ ಒಂದು ಬಟ್ಟೆ ಚೀಲ. ಚಿತ್ರಾನ್ನ ಮೊಸರನ್ನ ಕಟ್ಕೊಂಡು ಹೋಗಿ ಹುಲ್ಲಿನ ಮೇಲೆ ಹರಡೋದು ಬೇಡ, ಒಳಗೆ ಊಟಕ್ಕೆ ನಿರ್ಬಂಧ ಇದೆ, ಚೆಲ್ಲಿದ ಅನ್ನಕ್ಕೆ ಇಲಿ, ನಾಯಿ ಎಲ್ಲಾ ಸೇರ್ತವೆ. ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿನ್ಸಿ ಹೊರಡಿ, ಸಂಜೆ ಗೇಟ್ ಹೊರಗಡೆ ಚುರುಮುರಿ, ಉಪ್ಪು ಖಾರ ಹಾಕಿದ ಮಾವಿನಕಾಯಿ ಇದ್ದೇ ಇರತ್ತೆ.

ಬೆಳಗ್ಗೆ ಏಳೂವರೆಗೆ: ಮರದ ಹೊತ್ತು

ಸ್ಟೇಷನ್‌ನಿಂದ ಹೊರಗೆ ಬಂದ್ರೆ ಒಂದು ಕಡೆ ವಿಧಾನಸೌಧ, ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿ, ಈಗಿನ ಹೈಕೋರ್ಟು. ಕಟ್ಟಿ ಮುಗಿಸಿದ್ದು 1868ರಲ್ಲಿ, ಹದಿನೆಂಟು ಇಲಾಖೆ ಒಂದೇ ಸೂರಿನಡಿ ಇದ್ದಿದ್ದಕ್ಕೆ ಆ ಹೆಸರು. ಹೊರಗಿಂದ ನೋಡಿ ಮುಂದೆ ಹೋಗಿ. ಎರಡು ವರ್ಷ ಆದ್ಮೇಲೆ, 1870ರಲ್ಲಿ, ಮೈಸೂರು ರಾಜ್ಯದ ಚೀಫ್ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಈ ಪಾರ್ಕ್ ಮಾಡಿಸಿದ್ದು, ಆಗ ಇದ್ದಿದ್ದು 100 ಎಕರೆ, ಮೊದಲು ಮೀಡ್ಸ್ ಪಾರ್ಕ್ ಅಂತಿದ್ರು, ಆಮೇಲೆ ಕಮಿಷನರ್ ಮಾರ್ಕ್ ಕಬ್ಬನ್ ಹೆಸರು ಬಂತು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ರು. ಬೋರ್ಡ್ ನೋಡಿ ಮಕ್ಕಳು ಬೇರೆ ಪಾರ್ಕಿಗೆ ಬಂದ್ವಾ ಅಂತ ಕೇಳ್ತಾರೆ, ಇಷ್ಟು ಗೊತ್ತಿದ್ರೆ ಸಾಕು.

ಒಳಗೆ ಬಂದ ಮೇಲೆ ಎಂಟು ಮೂಲೆಯ ಕಬ್ಬಿಣದ ಬ್ಯಾಂಡ್‌ಸ್ಟ್ಯಾಂಡ್ ಸಿಗತ್ತೆ, ಬ್ರಿಟಿಷರ ಕಾಲದಲ್ಲಿ ಮಿಲಿಟರಿ ಬ್ಯಾಂಡ್ ನುಡಿಸ್ತಿದ್ದ ಜಾಗ. ಅಲ್ಲಿಂದ ಬಿದಿರು ಮೆಳೆ ಹುಡುಕಿ ಹೋಗಿ, ಇದನ್ನ ಬಿಡಲೇಬೇಡಿ. ಒಂದೈದು ನಿಮಿಷ ಯಾರೂ ಮಾತಾಡಬಾರದು ಅಂತ ಮಕ್ಕಳಿಗೆ ಹೇಳಿ ನಿಲ್ಲಿಸಿ. ಗಾಳಿ ಬಂದಾಗ ಒಂದು ಬೊಂಬಿಗೆ ಇನ್ನೊಂದು ಬೊಂಬು ಉಜ್ಜಿ ಹಳೇ ಬಾಗಿಲು ತೆಗೆದ ಹಾಗೆ ಕಿರ್ರ್ ಅನ್ನತ್ತೆ, ಎಲ್ಲೋ ಮೇಲೆ ಶುರುವಾಗಿ ಬುಡದ ತನಕ ಇಳಿದು ಬಂದಂಗೆ ಕೇಳತ್ತೆ. ಹೋದ ಸಲ ಅಕ್ಕನ ಮಗಳು ಬೊಂಬಿಗೆ ಕಿವಿ ಇಟ್ಟು ಕಣ್ಣು ಮುಚ್ಚಿ ಕೇಳಿಸ್ಕೊಂಡು "ಚಿಕ್ಕಮ್ಮ, ಒಳಗೆ ಯಾರೋ ಇದ್ದಾರೆ" ಅಂದ್ಲು. ಅವಳ ಕೆನ್ನೆ ತಾಗಿದ್ದ ಜಾಗದಲ್ಲೇ ಯಾರೋ ಚಾಕುವಿಂದ ಕೆತ್ತಿದ ಹೆಸರು, ಅದರ ಸುತ್ತ ಹಸಿರು ಹೋಗಿ ಕಂದು ಗಾಯ. ಅದನ್ನ ನೋಡಿ ನನಗೆ ನಿಜವಾಗ್ಲೂ ಹೊಟ್ಟೆ ಉರೀತು. ದಯವಿಟ್ಟು ಮಕ್ಕಳಿಗೆ ಆ ಕೆತ್ತಿದ ಹೆಸರುಗಳನ್ನ ತೋರಿಸಿ, ಯಾಕೆ ಹಾಗೆ ಮಾಡಬಾರದು ಅಂತ ಅಲ್ಲೇ ನಿಂತು ಹೇಳಿ.

ಮುಂದೆ ನಡೆದ್ರೆ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯ, 1915ರ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ದಿವಾನರಾಗಿದ್ದಾಗ ಶಿವನಸಮುದ್ರದ ವಿದ್ಯುತ್ ಯೋಜನೆ ಕೈಗೆತ್ತಿಕೊಂಡವರು ಇವರೇ. ಇಷ್ಟೊತ್ತಿಗೆ ಮಕ್ಕಳಿಗೆ ಸುಸ್ತು, ಇಲ್ಲೇ ಸುತ್ತ ಹುಲ್ಲಿನ ಮೇಲೆ ಬೆಡ್‌ಶೀಟ್ ಹಾಸಿ ಅರ್ಧ ಗಂಟೆ ಕೂತ್ಕೊಳ್ಳಿ.

ಹನ್ನೊಂದಕ್ಕೆ: ಒಂದೇ ಒಂದು ಕಲ್ಲು

ಈಗ ಕಸ್ತೂರಬಾ ರೋಡ್ ಕಡೆ ಸರ್ಕಾರಿ ವಸ್ತುಸಂಗ್ರಹಾಲಯ, 1865ರಲ್ಲಿ ಶುರುವಾಗಿದ್ದು. ರಿಪೇರಿ ಅಂತ ಕೆಲವು ಸಲ ಗ್ಯಾಲರಿ ಮುಚ್ಚಿರತ್ತೆ, ಹಿಂದಿನ ದಿನಾನೇ ವಿಚಾರಿಸ್ಕೊಳ್ಳಿ. ಒಳಗೆ ಹೋದ್ರೆ ಎಲ್ಲಾ ತೋರಿಸೋಕೆ ಹೋಗಬೇಡಿ, ಮಕ್ಕಳಿಗೆ ಹತ್ತು ನಿಮಿಷಕ್ಕೆ ಬೇಜಾರು. ಒಂದೇ ಕಲ್ಲು ತೋರಿಸಿ, ಆತಕೂರು ಶಾಸನ.

ಕಲ್ಲು ತೋರಿಸೋ ಮೊದಲು ಕಥೆ ಹೇಳಿ, ಹೀಗೆ. ಕ್ರಿಸ್ತಶಕ 949ರ ಹೊತ್ತು, ತಕ್ಕೋಲದಲ್ಲಿ ಚೋಳರ ಜೊತೆ ಯುದ್ಧ ಆಯ್ತು, ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ಗಂಗ ರಾಜ ಬೂತುಗ ಹೋರಾಡಿದ, ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ ಇದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಕೇಳು ಅಂದ್ರೆ ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ಕಾಳಿ ಅನ್ನೋ ಬೇಟೆ ನಾಯಿ ಕೊಡಿ ಅಂದ. ಆ ನಾಯಿ ಒಂದು ದೊಡ್ಡ ಕಾಡುಹಂದಿ ಮೇಲೆ ಬಿತ್ತು, ಎರಡೂ ಕಾದಾಡಿ ಎರಡೂ ಸತ್ವು. ಆ ನಾಯಿ ನೆನಪಿಗೆ ಮದ್ದೂರು ಹತ್ರದ ಆತಕೂರಲ್ಲಿ, ದೇವಸ್ಥಾನದ ಮುಂದೆ ಈ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಜಮೀನು ಬಿಟ್ರು, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಪೂಜಾರಿಗೆ ನಾಯಿಯ ಪಾಪ ಸುತ್ತಿಕೊಳ್ಳತ್ತೆ ಅಂತಾನೂ ಬರೆಸಿದ್ದಾರೆ.

ಇಷ್ಟು ಹೇಳಿ ಆಮೇಲೆ ಕಲ್ಲಿನ ಮುಂದೆ ನಿಲ್ಲಿಸಿ. ನಾಯಿ, ಹಂದಿ ಮುಖಕ್ಕೆ ಮುಖ ಕೊಟ್ಟು ಕಾದಾಡ್ತಿರೋ ಕೆತ್ತನೆ ಇದೆ, ಸುತ್ತ ಹಳಗನ್ನಡ ಅಕ್ಷರ. ನಮ್ಮನೆ ಚಿಕ್ಕವನಿಗೆ ಸಾವಿರ ವರ್ಷ ಅಂದ್ರೆ ಏನು ಅಂತ ಗೊತ್ತಿಲ್ಲ, ಆದ್ರೆ ಮನೆಗೆ ಬಂದ ಮೇಲೂ ಕಾಳಿ ಯಾಕೆ ಸತ್ತೋಯ್ತು ಅಂತ ಮೂರು ದಿನ ಕೇಳ್ದ.

ಮಧ್ಯಾಹ್ನದ ಬಿಸಿಲಿಗೆ ಸೂರು

ಪಕ್ಕದಲ್ಲೇ ವಿಶ್ವೇಶ್ವರಯ್ಯ ಕೈಗಾರಿಕೆ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, 1962ರಲ್ಲಿ ನೆಹರೂ ಉದ್ಘಾಟಿಸಿದ್ದು, ಇದು ಸೋಮವಾರಾನೂ ತೆಗೆದಿರತ್ತೆ. ಅಲ್ಲಾಡೋ ಡೈನೋಸಾರ್, ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಮಾದರಿ, ಗುಂಡಿ ಒತ್ತಿದ್ರೆ ತಿರುಗೋ ಎಂಜಿನ್‌ಗಳು. ಮೂರು ಗಂಟೆ ಹೇಗೆ ಹೋಯ್ತು ಗೊತ್ತಾಗಲ್ಲ. ಮೇಲಿನ ಮಹಡಿಯಿಂದ ಶುರು ಮಾಡಿ ಕೆಳಗೆ ಇಳ್ಕೊಂಡು ಬನ್ನಿ, ಜನ ಎಲ್ಲಾ ಕೆಳಗಿಂದ ಹತ್ತೋದ್ರಿಂದ ಮೇಲೆ ಸ್ವಲ್ಪ ಖಾಲಿ ಇರತ್ತೆ. ಮಕ್ಕಳು ಗುಂಡಿ ಒತ್ತಿ ಸುಮ್ಮನೆ ಓಡ್ತಾರೆ, ಹಿಡಿದು ನಿಲ್ಲಿಸಿ, ಯಾವ ಗಾಲಿ ಯಾವ ಗಾಲೀನ ತಿರುಗಿಸ್ತು ಅಂತ ಕೇಳಿ.

ನಾಲ್ಕಕ್ಕೆ ರೈಲು

ಈಗ ಬಾಲಭವನ. ಬಿಸಿಲು ಇಳಿದಿರತ್ತೆ, ಮರದ ನೆರಳು ಹಳಿ ಮೇಲೆ ಬಂದಿರತ್ತೆ. ಹೋದ ತಕ್ಷಣ ಮೊದಲು ಪುಟಾಣಿ ರೈಲಿನ ಟಿಕೆಟ್, ಆಮೇಲೆ ಕಾಯೋ ಹೊತ್ತಲ್ಲಿ ಜಾರುಬಂಡೆ, ಉಯ್ಯಾಲೆ. ರೈಲು, ಬೋಟಿಂಗ್ ಅವತ್ತು ನಡೀತಿದ್ಯಾ ಅಂತ ಕೌಂಟರ್‌ನಲ್ಲಿ ಕೇಳಿದ ಮೇಲೇನೇ ಮಕ್ಕಳಿಗೆ ಮಾತು ಕೊಡಿ, ರಿಪೇರಿ ಇದ್ದಾಗ ನಿಲ್ಸಿರ್ತಾರೆ. ಕೊನೇ ರೈಲು ಎಷ್ಟು ಗಂಟೆಗೆ ಅಂತಾನೂ ಅಲ್ಲೇ ಕೇಳಿಟ್ಕೊಳ್ಳಿ. ಬೆಳಗ್ಗೆಯಿಂದ ಕಾದಿದ್ದ ಮಕ್ಕಳು ರೈಲಲ್ಲಿ ಕೂತಾಗ ಅವರ ಮುಖ ನೋಡ್ಬೇಕು, ಮೊದಲ ವರ್ಷ ಇದೇ ರೈಲಲ್ಲಿ ನಾನು ಅದನ್ನ ನೋಡಿರ್ಲಿಲ್ಲ. ಈ ಹೊತ್ತಿಗೆ ಒಂದು ರೌಂಡ್ ಅವರಿಗೂ ಸಾಕಾಗತ್ತೆ.

ಇಳಿದ ಮೇಲೆ ಕೈಕಾಲು ತೊಳ್ಸಿ, ನೀರು ಕುಡಿಸಿ, ಕ್ವೀನ್ಸ್ ಸರ್ಕಲ್ ಕಡೆಯಿಂದ ಹೊರಗೆ ಬಂದು ಚುರುಮುರಿ ಕೊಡಿಸಿ. ಅಲ್ಲಿಂದ ಕಬ್ಬನ್ ಪಾರ್ಕ್ ಮೆಟ್ರೋ ಸ್ಟೇಷನ್ ಹತ್ರಾನೇ. ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮ್ಯಾಚ್ ಇರೋ ದಿನ ಮಾತ್ರ ಆ ಸ್ಟೇಷನ್ ಬೇಡ, ಕಾಲಿಡೋಕೆ ಜಾಗ ಇರಲ್ಲ, ಅವತ್ತು ಪಾರ್ಕ್ ಒಳಗಿಂದಾನೇ ವಿಧಾನಸೌಧ ಸ್ಟೇಷನ್‌ಗೆ ವಾಪಸ್ ನಡೀರಿ, ಚಿಕ್ಕವರನ್ನ ಹೆಗಲ ಮೇಲೆ ಕೂರಿಸ್ಕೊಂಡು.