ಹೊಸಬರಿಗೆ ಮಾರ್ಗದರ್ಶಿ: ಹಳೆಯ ನಂಬರು, ಹೊಸ ನಂಬರು ಮತ್ತು ಮೆಸೇಜುಗಳ ಜೋಪಾನ

ಹೊಸ ದೇಶಕ್ಕೆ ಬಂದ ಕುಟುಂಬ ಮೊದಲ ವಾರದಲ್ಲೇ ಹೊಸ ಸಿಮ್ ಹಾಕಿಸಿಕೊಂಡು, ಹಳೆಯ ಸಿಮ್ಮನ್ನು ತೆಗೆದು ಪಾಸ್‌ಪೋರ್ಟಿನ ಕವರಿನೊಳಗೆ ಸಿಕ್ಕಿಸಿಡುತ್ತದೆ. ಒಂದೆರಡು ತಿಂಗಳು ಕಳೆದ ಮೇಲೆ ಹಳೆಯ ಬ್ಯಾಂಕ್ ಖಾತೆಗೋ ವಿಮೆಯ ಖಾತೆಗೋ ಲಾಗಿನ್ ಆಗಲು ಕುಳಿತಾಗ ‘ನಿಮ್ಮ ನೋಂದಾಯಿತ ಸಂಖ್ಯೆಗೆ ಒಟಿಪಿ ಕಳುಹಿಸಲಾಗಿದೆ’ ಎಂಬ ಸಾಲು ಪರದೆಯ ಮೇಲೆ ಮೂಡುತ್ತದೆ, ಆದರೆ ಆ ಸಂಖ್ಯೆ ಆಗ ಯಾವ ಫೋನಿನಲ್ಲೂ ಇರುವುದಿಲ್ಲ. ನಮ್ಮ ಸಂಘದ ನೆರವು ಕೇಳಿ ಬರುವ ಹೊಸಬರಲ್ಲಿ ಅನೇಕರು ಬರುವುದು ಈ ಘಟ್ಟದಲ್ಲಿ. ಅಷ್ಟು ಹೊತ್ತಿಗೆ ಕೆಲವರು ಅವಸರದಲ್ಲಿ ಯಾವುದೋ ಮೆಸೇಜ್ ಫಾರ್ವರ್ಡ್ ಆ್ಯಪನ್ನು ಹಾಕಿಕೊಂಡು, ಅದು ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟೂ ಆಗಿರುತ್ತದೆ. ಆ ಅವಸರ ಬರುವುದಕ್ಕೆ ಮುಂಚೆಯೇ ನೀವು ಇದನ್ನು ಓದಬೇಕೆಂಬುದು ನಮ್ಮ ಆಸೆ.

ಮೊದಲಿಗೆ, ಎಸ್ಎಂಎಸ್ ಎಂಬುದು ಎಷ್ಟು ಹಳೆಯ ವ್ಯವಸ್ಥೆ ಎನ್ನುವುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಮೊದಲ ಎಸ್ಎಂಎಸ್ ಹೋದದ್ದು 1992ರ ಡಿಸೆಂಬರ್ 3ರಂದು. ಚಿಕ್ಕ ಸುದ್ದಿಗಳನ್ನು ಮುಟ್ಟಿಸಲೆಂದು ಹುಟ್ಟಿದ ಆ ವ್ಯವಸ್ಥೆಯ ಮೇಲೆ ಮುಂದೆ ಬ್ಯಾಂಕು, ತೆರಿಗೆ, ಆಸ್ಪತ್ರೆ, ಇಮೇಲು ಎಲ್ಲದರ ಬೀಗದ ಕೈಗಳನ್ನು ನೇತುಹಾಕಲಾಯಿತು. ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲಂಥ ಎನ್‌ಕ್ರಿಪ್ಷನ್ ಅದರಲ್ಲಿ ಇಲ್ಲ. ದಾರಿಯಲ್ಲಿರುವ ಮೊಬೈಲ್ ಕಂಪನಿಯ ಜಾಲ ಅದನ್ನು ಓದಬಲ್ಲುದು. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಎಸ್ಎಂಎಸ್ ಮೂಲಕ ಬರುವ ಒಟಿಪಿಯನ್ನು ನಿರ್ಬಂಧಿತ ವಿಧಾನಗಳ ಸಾಲಿಗೆ ಸೇರಿಸಿತ್ತು. ಹಾಗಿದ್ದರೂ ಸಂಸ್ಥೆಗಳು ಅದನ್ನು ಬಿಟ್ಟಿಲ್ಲ, ನಾವೂ ಸದ್ಯಕ್ಕೆ ಬಿಡುವಂತಿಲ್ಲ. ಆದ್ದರಿಂದ ಮೆಸೇಜುಗಳ ಇನ್‌ಬಾಕ್ಸನ್ನು ನೀವು ಎಲ್ಲೆಲ್ಲಿ ನಕಲು ಮಾಡುತ್ತೀರೋ ಅಲ್ಲೆಲ್ಲ ಮನೆಯ ಬೀಗದ ಕೈಯ ಇನ್ನೊಂದು ಪ್ರತಿಯನ್ನು ಇಟ್ಟಂತೆ ಎಂದು ತಿಳಿದು ಮುಂದಿನ ಹೆಜ್ಜೆಗಳನ್ನು ಇಡಿ.

ಈ ಸಂದರ್ಭದಲ್ಲಿ ಒಂದು ಉಪಯುಕ್ತ ವಿವರವನ್ನೂ ಹೇಳಿಬಿಡುತ್ತೇವೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದು ಎಸ್ಎಂಎಸ್‌ನಲ್ಲಿ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡದಲ್ಲಿ ಬರೆದರೆ ಕೇವಲ 70, ಅದರಲ್ಲೂ ಒತ್ತು ಮತ್ತು ಗುಣಿತದ ಚಿಹ್ನೆಗಳು ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಆದ್ದರಿಂದ ನಾಲ್ಕು ಸಾಲಿನ ಕನ್ನಡ ಮೆಸೇಜು ಮೂರು ನಾಲ್ಕು ಮೆಸೇಜುಗಳ ಲೆಕ್ಕಕ್ಕೆ ಹೋಗಬಹುದು. ಹೊರದೇಶದ ನಂಬರಿಗೆ ಕಳಿಸುವಾಗ ಬಿಲ್ಲು ಏಕೆ ಹೆಚ್ಚಾಯಿತೆಂದು ತಲೆಕೆಡಿಸಿಕೊಂಡವರಿಗೆ ಕಾರಣ ಹಲವು ಸಲ ಇಲ್ಲಿಯೇ ಸಿಗುತ್ತದೆ.

ಬ್ಯಾಕಪ್, ಸಿಂಕ್, ಫಾರ್ವರ್ಡ್

ಈ ಮೂರನ್ನೂ ಜನರು ಒಂದೇ ಎಂದು ಭಾವಿಸುವುದರಿಂದ ತಪ್ಪು ಆ್ಯಪ್ ಆರಿಸುತ್ತಾರೆ. ಬ್ಯಾಕಪ್ ಎಂದರೆ ಇಲ್ಲಿಯವರೆಗಿನ ಮೆಸೇಜುಗಳ ಒಂದು ಪ್ರತಿಯನ್ನು ತೆಗೆದು ಬೇರೆ ಕಡೆ ಇಡುವುದು. ಸಿಂಕ್ ಎಂದರೆ ಫೋನಿನಲ್ಲಿರುವುದು ಕಂಪ್ಯೂಟರಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ಹಾಗೆಯೇ ಕಾಣುವುದು; ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ, ಹಾಗಾಗಿ ಸಿಂಕ್ ಇದೆಯೆಂದು ಬ್ಯಾಕಪ್ ಬಿಡಬಾರದು. ಫಾರ್ವರ್ಡ್ ಎಂದರೆ ಬಂದ ಮೆಸೇಜು ತಾನಾಗಿಯೇ ಬೇರೊಂದು ನಂಬರಿಗೋ ಇಮೇಲಿಗೋ ಹೋಗುವುದು, ಮತ್ತು ಮೂರರಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೆ.

ಬ್ಯಾಕಪ್ಪನ್ನು ಹೊಸ ಫೋನು ಕೊಳ್ಳುವ ಮುನ್ನ ಮಾಡಿಕೊಳ್ಳಿ. ಆ್ಯಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಖಾತೆಯ ಬ್ಯಾಕಪ್ ಎಸ್ಎಂಎಸ್‌ಗಳನ್ನೂ ಒಳಗೊಳ್ಳುತ್ತದೆ ಮತ್ತು ಫೋನಿನ ಸ್ಕ್ರೀನ್ ಲಾಕನ್ನೇ ಕೀಲಿಯಾಗಿ ಬಳಸುತ್ತದೆ. ಹಳೆಯ ಫೋನಿನ ಪಿನ್ ಮರೆತರೆ ಹೊಸ ಫೋನಿನಲ್ಲಿ ಅದು ತೆರೆಯುವುದಿಲ್ಲವಾದ್ದರಿಂದ ಪಿನ್ನನ್ನು ಬರೆದಿಟ್ಟುಕೊಳ್ಳಿ. ಮೆಸೇಜುಗಳ ಪ್ರತಿ ನಿಮ್ಮ ಕೈಯಲ್ಲೇ ಇರಬೇಕೆಂದರೆ ‘ಎಸ್ಎಂಎಸ್ ಬ್ಯಾಕಪ್ ಆ್ಯಂಡ್ ರಿಸ್ಟೋರ್’ ಎಂಬ ಆ್ಯಪ್ ಎಲ್ಲವನ್ನೂ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ಬರೆದುಕೊಡುತ್ತದೆ. ಆ ಫೈಲನ್ನು ಒಮ್ಮೆ ಕಂಪ್ಯೂಟರಿನಲ್ಲಿ ತೆರೆದು ನೋಡುವುದು ಒಳ್ಳೆಯದು: ಕಳಿಸಿದವರ ಸಂಖ್ಯೆ, ದಿನಾಂಕ, ಮೆಸೇಜಿನ ಪೂರ್ತಿ ಪಠ್ಯ, ಖಾತೆಯ ಬಾಕಿ ಮೊತ್ತ, ವೈದ್ಯರ ಭೇಟಿಯ ಹೊತ್ತು ಎಲ್ಲವೂ ಯಾವ ಬೀಗವೂ ಇಲ್ಲದೆ ಸಾಲು ಸಾಲಾಗಿ ಕಾಣುತ್ತವೆ. ಅದನ್ನು ನಿಮಗೆ ನೀವೇ ಇಮೇಲ್ ಮಾಡಿಕೊಂಡು ಅಲ್ಲೇ ಮರೆಯಬೇಡಿ. ಪಾಸ್‌ವರ್ಡ್ ಹಾಕಿದ ಜಾಗದಲ್ಲಿಟ್ಟು ಉಳಿದ ಪ್ರತಿಗಳನ್ನು ಅಳಿಸಿ.

ಹೊಸ ಫೋನಿಗೆ ಮೆಸೇಜುಗಳನ್ನು ತುಂಬುವಾಗ ಈ ಬಗೆಯ ಆ್ಯಪುಗಳು ‘ನನ್ನನ್ನು ಡೀಫಾಲ್ಟ್ ಎಸ್ಎಂಎಸ್ ಆ್ಯಪ್ ಮಾಡಿ’ ಎಂದು, ಅಂದರೆ ಮೆಸೇಜುಗಳ ಮುಖ್ಯ ಆ್ಯಪ್ ಆಗಿಸಿ ಎಂದು, ಕೇಳುತ್ತವೆ. ಇದರಲ್ಲಿ ಮೋಸವಿಲ್ಲ. 2013ರ ಆ್ಯಂಡ್ರಾಯ್ಡ್ 4.4ರಿಂದ ಈಚೆಗೆ ಡೀಫಾಲ್ಟ್ ಆ್ಯಪಿಗೆ ಮಾತ್ರ ಮೆಸೇಜುಗಳ ಕಡತದಲ್ಲಿ ಬರೆಯುವ ಅಧಿಕಾರವಿದೆ. ಆದರೆ ಕೆಲಸ ಮುಗಿದ ಕೂಡಲೇ ಮೊದಲಿನ ಮೆಸೇಜ್ ಆ್ಯಪನ್ನೇ ಮತ್ತೆ ಡೀಫಾಲ್ಟ್ ಮಾಡಬೇಕು. ಇದನ್ನು ಮರೆತು, ಎರಡು ದಿನದಿಂದ ಒಂದೂ ಮೆಸೇಜು ಬಂದಿಲ್ಲವೆಂದು ಗಾಬರಿಯಾಗಿ ಸಂಘಕ್ಕೆ ಫೋನ್ ಮಾಡಿದವರು ಇದ್ದಾರೆ.

ಐಫೋನಿನಲ್ಲಿ ದಾರಿ ಬೇರೆ. ಅಲ್ಲಿ ಹೊರಗಿನ ಯಾವ ಆ್ಯಪಿಗೂ ನಿಮ್ಮ ಎಸ್ಎಂಎಸ್ ಇನ್‌ಬಾಕ್ಸನ್ನು ಓದಲು ಅವಕಾಶವಿಲ್ಲ. ಹಾಗೆ ಓದಿ ಫಾರ್ವರ್ಡ್ ಮಾಡುತ್ತೇನೆಂದು ಹೇಳುವ ಆ್ಯಪನ್ನು ನಂಬಬೇಡಿ. 2018ರಲ್ಲಿ ಐಓಎಸ್ 11.4ರ ಜೊತೆ ಬಂದ ಐಕ್ಲೌಡ್ ಮೆಸೇಜ್ ಸೌಲಭ್ಯ ಆ್ಯಪಲ್‌ನ ಎಲ್ಲ ಸಾಧನಗಳಲ್ಲೂ ಮೆಸೇಜುಗಳನ್ನು ಒಂದೇ ಸಮನಾಗಿ ಇಡುತ್ತದೆ. ಅದು ಎನ್‌ಕ್ರಿಪ್ಟ್ ಆಗಿದ್ದರೂ, ಐಕ್ಲೌಡ್ ಬ್ಯಾಕಪ್ ಕೂಡ ಚಾಲೂ ಇದ್ದರೆ ಆ ಬೀಗದ ಕೀಲಿ ಬ್ಯಾಕಪ್ಪಿನೊಳಗೆ ಸೇರಿ ಆ್ಯಪಲ್‌ಗೂ ಎಟುಕುತ್ತದೆ. 2022ರ ಡಿಸೆಂಬರಿನಲ್ಲಿ ಬಂದ ‘ಅಡ್ವಾನ್ಸ್‌ಡ್ ಡೇಟಾ ಪ್ರೊಟೆಕ್ಷನ್’ ಆ ಕೀಲಿ ಆ್ಯಪಲ್‌ಗೆ ಎಟುಕದಂತೆ ಮಾಡುತ್ತದೆ; ಅದು ನಿಮ್ಮ ದೇಶದಲ್ಲಿ ಲಭ್ಯವಿದ್ದರೆ ಚಾಲೂ ಮಾಡಿ, ಆಗ ಸಿಗುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ.

ಕಂಪ್ಯೂಟರಿನಲ್ಲಿ ಮೆಸೇಜು ನೋಡುವುದು

ಗೂಗಲ್ ಮೆಸೇಜಸ್ ಆ್ಯಪಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಥವಾ ಗೂಗಲ್ ಖಾತೆಯ ಮೂಲಕ ಕಂಪ್ಯೂಟರಿನ ಬ್ರೌಸರನ್ನು ಜೋಡಿಸಬಹುದು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟಿನ ‘ಫೋನ್ ಲಿಂಕ್’ ಇದೇ ಕೆಲಸ ಮಾಡುತ್ತದೆ. ಮೆಸೇಜುಗಳು ಯಾವ ಕಂಪನಿಯ ಸರ್ವರಿಗೂ ಹೋಗಬಾರದು ಎನ್ನುವವರಿಗೆ ‘ಕೆಡಿಇ ಕನೆಕ್ಟ್’ ಎಂಬ ಮುಕ್ತ ತಂತ್ರಾಂಶ ಒಳ್ಳೆಯ ಆಯ್ಕೆ. ಅದು ಮನೆಯ ವೈಫೈ ಒಳಗೇ ಫೋನನ್ನೂ ಕಂಪ್ಯೂಟರನ್ನೂ ನೇರವಾಗಿ ಬೆಸೆಯುತ್ತದೆ. ಐಫೋನ್ ಇದ್ದವರು ಸೆಟ್ಟಿಂಗ್ಸ್‌ನಲ್ಲಿರುವ ‘ಟೆಕ್ಸ್ಟ್ ಮೆಸೇಜ್ ಫಾರ್ವರ್ಡಿಂಗ್’ ಬಳಸಿ, ಅದೇ ಆ್ಯಪಲ್ ಖಾತೆಯಿರುವ ಮ್ಯಾಕ್ ಅಥವಾ ಐಪ್ಯಾಡಿನಲ್ಲಿ ಎಸ್ಎಂಎಸ್ ನೋಡಬಹುದು.

ಈ ಪೈಕಿ ಯಾವುದನ್ನೂ ಗ್ರಂಥಾಲಯದ, ಕಚೇರಿಯ ಅಥವಾ ತಾತ್ಕಾಲಿಕ ವಸತಿಯ ಕಂಪ್ಯೂಟರಿನಲ್ಲಿ ಜೋಡಿಸಬೇಡಿ. ಮನೆ ಸಿಗುವ ತನಕ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ ಪ್ರಸಂಗ ಹೊಸಬರಿಗೆ ಬಂದೇ ಬರುತ್ತದೆ. ಅನಿವಾರ್ಯವಾಗಿ ಜೋಡಿಸಿದ್ದರೆ ಎದ್ದು ಬರುವ ಮುನ್ನ ನಿಮ್ಮ ಫೋನಿನ ‘ಡಿವೈಸ್ ಪೇರಿಂಗ್’ ಪಟ್ಟಿಯಲ್ಲಿ ಆ ಕಂಪ್ಯೂಟರನ್ನು ತೆಗೆದುಹಾಕಿ. ಆ್ಯಂಡ್ರಾಯ್ಡ್ 15ರಿಂದ ನೋಟಿಫಿಕೇಷನ್ ಓದುವ ಇತರ ಆ್ಯಪುಗಳಿಗೆ ಒಟಿಪಿ ಕಾಣದಂತೆ ಮರೆಮಾಡುವ ಏರ್ಪಾಡು ಬಂದಿರುವುದರಿಂದ, ಕೆಲವು ಸಿಂಕ್ ಆ್ಯಪುಗಳಲ್ಲಿ ಉಳಿದ ಮೆಸೇಜುಗಳು ಕಂಡರೂ ಒಟಿಪಿ ಕಾಣದಿರಬಹುದು. ಅದು ದೋಷವಲ್ಲ, ರಕ್ಷಣೆ. ಅದನ್ನು ತಪ್ಪಿಸುವ ಉಪಾಯ ಹುಡುಕಬೇಡಿ.

ಹಳೆಯ ನಂಬರನ್ನು ದೂರದಿಂದ ನಿಭಾಯಿಸುವುದು

ಅತಿ ಹೆಚ್ಚು ಅನಾಹುತಗಳು ಆಗುವುದು ಇಲ್ಲಿ. ಅನೇಕ ಕುಟುಂಬಗಳು ಹಳೆಯ ಸಿಮ್ ಇರುವ ಫೋನನ್ನು ತಂದೆತಾಯಿಯ ಮನೆಯಲ್ಲಿ ಬಿಟ್ಟು ಬರುತ್ತವೆ. ಒಟಿಪಿ ಬಂದಾಗಲೆಲ್ಲ ‘ಅಮ್ಮಾ, ಒಂದು ನಂಬರ್ ಬಂದಿರತ್ತೆ ನೋಡು, ಬೇಗ ಓದಿ ಹೇಳು’ ಎಂದು ಕೇಳುತ್ತೇವೆ. ಅವರು ಕನ್ನಡಕ ಹುಡುಕಿ, ಮೆಸೇಜು ತೆರೆದು, ಒಂದೊಂದೇ ಅಂಕಿಯನ್ನು ಓದಿ ಹೇಳುತ್ತಾರೆ. ಹತ್ತಾರು ಸಲ ಹೀಗೆ ಆದ ಮೇಲೆ, ಫೋನಿನಲ್ಲಿ ಯಾರಾದರೂ ಅವಸರಪಡಿಸಿ ಕೇಳಿದರೆ ಒಟಿಪಿ ಹೇಳಬೇಕು ಎಂಬ ರೂಢಿಯನ್ನು ನಾವೇ ಅವರಿಗೆ ಕಲಿಸಿದಂತಾಗಿರುತ್ತದೆ. ವಂಚಕರಿಗೆ ಬೇಕಾದದ್ದು ಆ ರೂಢಿಯೇ. ನಮ್ಮ ಸದಸ್ಯರೊಬ್ಬರ ತಾಯಿ, ಮಗನ ಬ್ಯಾಂಕಿನಿಂದ ಎಂದು ಹೇಳಿಕೊಂಡವರಿಗೆ ಇದೇ ರೀತಿ ಅಂಕಿಗಳನ್ನು ಓದಿ ಹೇಳಿ, ಆಮೇಲೆ ತಿಂಗಳುಗಟ್ಟಲೆ ತಮ್ಮನ್ನೇ ದೂಷಿಸಿಕೊಂಡರು. ದಯವಿಟ್ಟು ಈ ಹೊರೆಯನ್ನು ಹಿರಿಯರ ಮೇಲೆ ಹಾಕಬೇಡಿ.

ಇದಕ್ಕೆ ಬದಲಾಗಿ ಹಳೆಯ ಸಿಮ್ಮನ್ನು ನಿಮ್ಮ ಫೋನಿನ ಎರಡನೆಯ ಸ್ಲಾಟಿನಲ್ಲಿ ಅಥವಾ ಇ-ಸಿಮ್ (ಬೇರೆ ಚಿಪ್ ಹಾಕದೆ ಫೋನಿನೊಳಗೇ ಇರುವ ಸಿಮ್) ರೂಪದಲ್ಲಿ ಜೊತೆಗೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸರಳ. ಹೊರಡುವ ಮುನ್ನ ಮೊಬೈಲ್ ಕಂಪನಿಯನ್ನು ಮೂರು ವಿಷಯ ಕೇಳಿ: ರೋಮಿಂಗಿನಲ್ಲಿ ಎಸ್ಎಂಎಸ್ ಪಡೆಯಲು ದರವಿದೆಯೇ, ವೈಫೈ ಕಾಲಿಂಗ್ (ಮೊಬೈಲ್ ಸಿಗ್ನಲ್ ಬದಲು ವೈಫೈ ಮೂಲಕ ಕರೆ ಪಡೆಯುವುದು) ಹೊರದೇಶದಲ್ಲಿ ನಡೆಯುತ್ತದೆಯೇ, ಎಷ್ಟು ದಿನ ಬಳಸದಿದ್ದರೆ ಸಂಖ್ಯೆ ರದ್ದಾಗುತ್ತದೆ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ, ರದ್ದಾದ ಸಂಖ್ಯೆ ಕೆಲಕಾಲದ ನಂತರ ಇನ್ನೊಬ್ಬರ ಕೈ ಸೇರಬಹುದು, ಆಗ ನಿಮ್ಮ ಒಟಿಪಿಗಳು ಅವರಿಗೆ ಹೋಗುತ್ತವೆ. ಆ ಸಿಮ್ಮಿನ ಡೇಟಾ ರೋಮಿಂಗನ್ನು ಮಾತ್ರ ಆಫ್ ಮಾಡಿ. ಎಸ್ಎಂಎಸ್ ಬರಲು ಡೇಟಾ ಬೇಕಾಗಿಲ್ಲ.

ಜೊತೆಗೆ, ಒಟಿಪಿಯ ಅವಲಂಬನೆಯನ್ನೇ ಕಡಿಮೆ ಮಾಡುತ್ತ ಬನ್ನಿ. ಪ್ರತಿ 30 ಸೆಕೆಂಡಿಗೊಮ್ಮೆ ಹೊಸ ಸಂಕೇತ ಕೊಡುವ ಅಥೆಂಟಿಕೇಟರ್ ಆ್ಯಪಿಗೆ ಸಿಮ್ಮೂ ಬೇಡ, ನೆಟ್‌ವರ್ಕೂ ಬೇಡ. ಪಾಸ್‌ಕೀ ಒಪ್ಪುವ ಖಾತೆಗಳಲ್ಲಿ ಅದು (ಪಾಸ್‌ವರ್ಡಿಗೆ ಬದಲು ಫೋನಿನ ಬೆರಳಚ್ಚು ಅಥವಾ ಪಿನ್ನಿನಿಂದ ಲಾಗಿನ್ ಆಗುವ ಬಗೆ) ಇನ್ನೂ ಮೇಲು. ಇಮೇಲ್ ಖಾತೆಯಿಂದ ಆರಂಭಿಸಿ, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿ ಅಲ್ಲಿಂದಲೇ ಹಾದುಹೋಗುತ್ತದೆ.

ಇಷ್ಟಾದ ಮೇಲೂ ಫಾರ್ವರ್ಡ್ ಆ್ಯಪ್ ಬೇಕೇ ಬೇಕು ಎಂದಾದರೆ, ಎಲ್ಲ ಮೆಸೇಜುಗಳನ್ನೂ ಕಳಿಸದೆ ನೀವು ಹೆಸರಿಸಿದ ಕಳುಹಿಸುಗರ ಮೆಸೇಜುಗಳನ್ನು ಮಾತ್ರ ಕಳಿಸುವ, ಮತ್ತು ಮೆಸೇಜು ಯಾವ ಸರ್ವರಿನ ಮೂಲಕ ಹೋಗುತ್ತದೆಂದು ಸ್ಪಷ್ಟವಾಗಿ ಹೇಳುವ ಆ್ಯಪನ್ನು ಅಧಿಕೃತ ಸ್ಟೋರಿನಿಂದಲೇ ಹಾಕಿಕೊಳ್ಳಿ. ಗೂಗಲ್ 2018ರ ಅಕ್ಟೋಬರಿನಲ್ಲಿ ಘೋಷಿಸಿದ ನಿಯಮದ ಪ್ರಕಾರ ಪ್ಲೇ ಸ್ಟೋರಿನ ಆ್ಯಪುಗಳು ತಕ್ಕ ಕಾರಣವಿಲ್ಲದೆ ಎಸ್ಎಂಎಸ್ ಓದುವ ಅನುಮತಿ ಕೇಳುವಂತಿಲ್ಲ. ಮೆಸೇಜಿನಲ್ಲಿ ಬಂದ ಕೊಂಡಿಯಿಂದ ಇಳಿಸಿಕೊಳ್ಳುವ ಎಪಿಕೆ ಫೈಲಿಗೆ (ಸ್ಟೋರಿನ ಹೊರಗಿನಿಂದ ಆ್ಯಂಡ್ರಾಯ್ಡ್ ಆ್ಯಪ್ ಹಾಕುವ ಫೈಲಿಗೆ) ಇಂಥ ಯಾವ ತಪಾಸಣೆಯೂ ಇರುವುದಿಲ್ಲ. ಬ್ಯಾಂಕಿನ, ಸರ್ಕಾರದ, ಮದುವೆ ಕರೆಯೋಲೆಯ ಹೆಸರಿನಲ್ಲಿ ಬಂದರೂ ಅದನ್ನು ತೆರೆಯಬೇಡಿ.

ಸಂಗಾತಿಯ ಅಥವಾ ಹಿರಿಯರ ಫೋನಿನಲ್ಲಿ ಅವರಿಗೆ ತಿಳಿಯದಂತೆ ಮೆಸೇಜು ಓದುವ ಆ್ಯಪ್ ಹಾಕಿಕೊಡಿ ಎಂದು ಕೇಳಿದರೆ ಸಂಘ ನೆರವಾಗುವುದಿಲ್ಲ. ಅನೇಕ ದೇಶಗಳಲ್ಲಿ ಅದು ಅಪರಾಧ. ಮಕ್ಕಳ ಫೋನಿಗೆ ನಿಗಾ ಬೇಕಿದ್ದರೆ ಅವರಿಗೆ ಹೇಳಿಯೇ ಮಾಡಿ.

ಬೀಗಗಳು ಮತ್ತು ಫೋನ್ ಕಳೆದಾಗ

ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಪಠ್ಯ ಕಾಣದಂತೆ ಇಂದೇ ಬದಲಿಸಿ. ಆಮೇಲೆ ಸಿಮ್‌ಗೆ ಪಿನ್ ಹಾಕಿ: ಕಳ್ಳನು ನಿಮ್ಮ ಸಿಮ್ಮನ್ನು ತನ್ನ ಫೋನಿಗೆ ಹಾಕಿದರೆ ನಿಮ್ಮ ಫೋನಿನ ಲಾಕ್ ಎಷ್ಟು ಗಟ್ಟಿಯಾಗಿದ್ದರೂ ಒಟಿಪಿಗಳು ಅವನಿಗೇ ಬರುತ್ತವೆ, ಅದನ್ನು ತಡೆಯುವುದು ಸಿಮ್ ಪಿನ್. ಸಿಮ್ಮಿಗೆ ಮೊದಲೇ ಇರುವ ಪಿನ್ನನ್ನು ಊಹಿಸಲು ಹೋಗದೆ ಕಂಪನಿಯಿಂದ ಕೇಳಿ ತಿಳಿಯಿರಿ. ಮೂರು ಸಲ ತಪ್ಪಿದರೆ ಸಿಮ್ಮಿನ ಬೀಗ ತೆರೆಯುವ 8 ಅಂಕಿಯ ಪಿಯುಕೆ ಎಂಬ ಸಂಕೇತ ಬೇಕಾಗುತ್ತದೆ, ಅದನ್ನು 10 ಸಲ ತಪ್ಪಾಗಿ ಒತ್ತಿದರೆ ಸಿಮ್ ಶಾಶ್ವತವಾಗಿ ನಿಂತುಹೋಗುತ್ತದೆ.

ಫೋನು ಕಳೆದರೆ ಮೊದಲು ಮೊಬೈಲ್ ಕಂಪನಿಗೆ ಕರೆ ಮಾಡಿ ಸಿಮ್ ನಿಲ್ಲಿಸಿ, ಏಕೆಂದರೆ ಗೂಗಲ್‌ನ ‘ಫೈಂಡ್ ಹಬ್’ ಅಥವಾ ಆ್ಯಪಲ್‌ನ ‘ಫೈಂಡ್ ಮೈ’ ಫೋನನ್ನು ಲಾಕ್ ಮಾಡಬಲ್ಲವು, ಅಳಿಸಬಲ್ಲವು, ಆದರೆ ಸಿಮ್ಮನ್ನು ನಿಲ್ಲಿಸಲಾರವು. ನಂತರ ಅವುಗಳಿಂದ ಫೋನನ್ನು ಲಾಕ್ ಮಾಡಿ, ಸಿಗುವ ಆಸೆ ಬಿಟ್ಟ ಮೇಲೆ ಅಳಿಸಿ. ಗೂಗಲ್ ಖಾತೆಗೆ ಬೇರೆ ಸಾಧನದಿಂದ ಲಾಗಿನ್ ಆಗುವಾಗ ಸಂಕೇತವು ಕಳೆದ ಫೋನಿಗೇ ಹೋಗಬಹುದಾದ್ದರಿಂದ, ಖಾತೆಯ ಭದ್ರತೆ ಪುಟದಲ್ಲಿ ಸಿಗುವ 10 ಬ್ಯಾಕಪ್ ಕೋಡುಗಳನ್ನು ಈಗಲೇ ಮುದ್ರಿಸಿ ಪಾಸ್‌ಪೋರ್ಟಿನ ಜೊತೆ ಇಡಿ. ಒಂದೊಂದು ಕೋಡೂ ಒಮ್ಮೆ ಮಾತ್ರ ನಡೆಯುತ್ತದೆ.

ಐಫೋನ್ ಬಿಟ್ಟು ಆ್ಯಂಡ್ರಾಯ್ಡಿಗೆ ಬದಲಾದವರಿಗೆ ಇನ್ನೊಂದು ಮಾತು. ನಿಮ್ಮ ಸಂಖ್ಯೆ ಆ್ಯಪಲ್‌ನ ಸ್ವಂತ ಮೆಸೇಜ್ ಸೇವೆಯಾದ ಐಮೆಸೇಜಿನಲ್ಲಿ ನೋಂದಣಿಯಾಗಿಯೇ ಉಳಿದರೆ ಐಫೋನ್ ಬಳಸುವ ಸ್ನೇಹಿತರು ಕಳಿಸಿದ್ದು ನಿಮಗೆ ತಲುಪದೆ ಹೋಗಬಹುದು. ಹಳೆಯ ಐಫೋನನ್ನು ಯಾರಿಗಾದರೂ ಕೊಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜನ್ನು ಆಫ್ ಮಾಡಿ. ಫೋನು ಆಗಲೇ ಕೈಬಿಟ್ಟಿದ್ದರೆ ಆ್ಯಪಲ್‌ನ ಜಾಲತಾಣದಲ್ಲಿ ನೋಂದಣಿ ರದ್ದತಿಯ ಪುಟವಿದೆ, ಅಲ್ಲಿ ಸಂಖ್ಯೆ ಕೊಟ್ಟು, ಎಸ್ಎಂಎಸ್‌ನಲ್ಲಿ ಬರುವ ಸಂಕೇತವನ್ನು ತುಂಬಬೇಕು. ಆ ಸಂಕೇತ ಪಡೆಯಲು ಸಂಖ್ಯೆ ಇನ್ನೂ ಚಾಲ್ತಿಯಲ್ಲಿರಬೇಕಾದ್ದರಿಂದ ಹಳೆಯ ಸಿಮ್ಮನ್ನು ಹಿಂತಿರುಗಿಸುವ ಮುನ್ನ ಈ ಕೆಲಸ ಮುಗಿಸಿಕೊಳ್ಳಿ.